ತೌಲನಿಕ ಪ್ರಬಂಧ: ನಡು ಭಾಗ ಮುಗದದ, ಪೀಠಿಕೆ ಮತ್ತ ಸಮಾರೋಪ ನಿಲ್ಲವಲ್ವು

ಕೋಟಿ ಬಾಗಿಲು, ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಎಂ.ಎ. ಇತಿಹಾಸ ಓದ್ಲತ್ತೀನಿ. ಈ ಸೆಮಿಸ್ಟರಿಗೆ ಒಂದು ತೌಲನಿಕ ಪ್ರಬಂಧ ಕೊಡಬೇಕು. ವಿಷಯ ನಾನೇ ಆರಿಸ್ಕೊಂಡಿದ್ದು: ನಮ್ಮ ಕಲಬುರಗಿ ಕೋಟಿಯೊಳಗಿನ ಜಾಮಿ ಮಸೀದಿ, ಮತ್ತ ಬೀದರಿನಾಗ ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. ಎರಡೂ ಬಹಮನಿ ಕಾಲದವು. ಮಸೀದಿ 1367ರದ್ದು, ಮದರಸಾ 1472ರದ್ದು. ಮಸೀದಿ ಸಣ್ಣಾಕಿ ಇದ್ದಾಗಿಂದ ನೋಡೀನಿ. ಮದರಸಾ ನೋಡ್ಲಿಕ್ಕೆ ಎರಡು ಸಲ ಬೀದರ ರೈಲು ಹತ್ತೀನಿ. ನಡು ಭಾಗ ಆರು ಪುಟ ಬರದೀನಿ, ಅದರ ಬಗ್ಗೆ ನನಗ ಧೈರ್ಯ ಅದ.

ಆದ್ರ ಪೀಠಿಕೆ ಹಿಂಗ ಆಗ್ಯಾದ:

“ಭಾರತವು ಭವ್ಯ ಪರಂಪರೆಯ ನಾಡು. ಕರ್ನಾಟಕವು ಶಿಲ್ಪಕಲೆಯ ತವರೂರು. ಬಹಮನಿ ಸುಲ್ತಾನರು ವಾಸ್ತುಶಿಲ್ಪಕ್ಕೆ ಅಪಾರ ಕೊಡುಗೆ ನೀಡಿದ್ದಾರೆ. ಪ್ರಸ್ತುತ ಪ್ರಬಂಧದಲ್ಲಿ ಕಲಬುರಗಿಯ ಜಾಮಿ ಮಸೀದಿ ಹಾಗೂ ಬೀದರಿನ ಮದರಸಾಗಳ ನಡುವಿನ ಸಾಮ್ಯ ಮತ್ತು ವ್ಯತ್ಯಾಸಗಳನ್ನು ಚರ್ಚಿಸಲಾಗಿದೆ.”

ಸಮಾರೋಪ:

“ಒಟ್ಟಾರೆಯಾಗಿ ಹೇಳುವುದಾದರೆ ಎರಡೂ ಕಟ್ಟಡಗಳಲ್ಲಿ ಕೆಲವು ಸಾಮ್ಯಗಳೂ ಕೆಲವು ವ್ಯತ್ಯಾಸಗಳೂ ಇವೆ. ಎರಡೂ ತಮ್ಮದೇ ಆದ ರೀತಿಯಲ್ಲಿ ಶ್ರೇಷ್ಠವಾಗಿವೆ. ಇವುಗಳನ್ನು ಸಂರಕ್ಷಿಸುವುದು ನಮ್ಮೆಲ್ಲರ ಕರ್ತವ್ಯ.”

ನಮ್ಮ ಮಾರ್ಗದರ್ಶಕರು ಕೆಂಪು ಪೆನ್ನಿಲೆ ಬರದಾರ: “ಈ ಪೀಠಿಕೆಗೆ ಯಾವ ಪ್ರಬಂಧ ಬೇಕಾದರೂ ಅಂಟಿಸಬಹುದು.” ಅವರು ಹೇಳಿದ್ದು ಖರೇ ಅದ ಅಂತ ನನಗೂ ಗೊತ್ತದ. ಮುಂದೇನು ಮಾಡಬೇಕು ಅನ್ನೋದು ಗೊತ್ತಾಗವಲ್ದು. ನಾಕು ದಿನದಾಗ ತಿದ್ದಿ ಕೊಡಬೇಕು. ತಿಳಿದವರು ಹೇಳ್ರಿ.

ಓದುಕೋಣಿ, ಕಲಬುರಗಿ

ನಾನು ಸ್ಪರ್ಧಾ ಪರೀಕ್ಷೆಗೆ ತಯಾರಿ ಮಾಡ್ಲತ್ತೀನಿ, ಪ್ರಬಂಧ ಬರ್ದು ಬರ್ದು ರೂಢಿ ಆಗ್ಯಾದ. ಪೀಠಿಕೆಗೆ ನಾನು ಮಾಡೋದು ಇಷ್ಟು: ಒಂದು ಸುಭಾಷಿತ ಇಲ್ಲಾ ದೊಡ್ಡವರ ಮಾತು, ಆಮ್ಯಾಲ ಎರಡು ಸಾಲಿನಾಗ ವಿಷಯ ಪರಿಚಯ, ಆಮ್ಯಾಲ “ಈ ಹಿನ್ನೆಲೆಯಲ್ಲಿ” ಅಂತ ಶುರು ಮಾಡೋದು. ಸಮಾರೋಪದಾಗ ಎರಡೂ ಕಡೆ ತೂಗಿಸಿ, ಆಶಾದಾಯಕವಾಗಿ ಮುಗಿಸೋದು. ನಿಮ್ಮದಕ್ಕ ಒಂದು ಒಳ್ಳೆ ಮಾತು ಸಿಕ್ಕರ ಪೀಠಿಕೆ ತಾನೇ ನಿಂದರ್ತದ.

ಸೇಡಂ ಮೇಷ್ಟ್ರು

ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತ ಆದವ ನಾನು. ಓದುಕೋಣಿಯವರಿಗೆ ಬೇಜಾರಾಗಬಾರದು, ಆದರ ಸುಭಾಷಿತದಿಂದ ಈ ರೋಗ ವಾಸಿ ಆಗಲ್ಲ. “ಭಾರತವು ಭವ್ಯ ಪರಂಪರೆಯ ನಾಡು” ಅನ್ನೋ ಸಾಲಿನ ಜಾಗಕ್ಕ ಒಬ್ಬ ಮಹಾತ್ಮರ ಮಾತು ಬರ್ತದ, ಅಷ್ಟೇ. ಅದನ್ನೂ ಯಾವ ಪ್ರಬಂಧಕ್ಕ ಬೇಕಾದ್ರೂ ಅಂಟಿಸಬಹುದು.

ತಪ್ಪು ಈ ಹುಡುಗಿದು ಅಲ್ಲ. ನಾವು ಮೇಷ್ಟ್ರುಗಳೇ ಹೈಸ್ಕೂಲಿನಾಗ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ಡಬ್ಬಿ ಕೊಟ್ಟು, ಪೀಠಿಕೆ ಡಬ್ಬಿಯೊಳಗ ಏನು ಇಡಬೇಕು ಅಂತ ಹೇಳಲಿಲ್ಲ. ಮಕ್ಕಳು ತಮಗ ಗೊತ್ತಿರೋದರಾಗ ಎಲ್ಲಕ್ಕಿಂತ ದೊಡ್ಡ ಮಾತು ಹುಡುಕಿ ಅದರಾಗ ಇಟ್ಟರು. ದೇಶ, ನಾಡು, ಸಂಸ್ಕೃತಿ. ಅಲ್ಲಿಂದ ಮೆಟ್ಟಿಲು ಇಳ್ಕೊಂತ ಬಂದು ವಿಷಯಕ್ಕ ಮುಟ್ಟೋದರೊಳಗ ಅರ್ಧ ಪುಟ ಖರ್ಚು.

ಒಂದೇ ವಸ್ತುವಿನ ಮ್ಯಾಲ ಬರಿಯೋ ಪ್ರಬಂಧಕ್ಕ ಇದು ಹೆಂಗೋ ನಡೀತದ. ತೌಲನಿಕ ಪ್ರಬಂಧಕ್ಕ ನಡಿಯಂಗಿಲ್ಲ. ಯಾಕಂದ್ರ ಓದುವವನ ಮನಸ್ಸಿನಾಗ ಮೊದಲು ಏಳೋ ಪ್ರಶ್ನೆ “ಇವು ಏನು?” ಅನ್ನೋದು ಅಲ್ಲ, “ಇವೆರಡನ್ನೇ ಯಾಕ ಜೋಡಿ ಮಾಡಿದಿ?” ಅನ್ನೋದು. ಅದಕ್ಕ ಉತ್ತರ ಸಿಗೋತನಕ ಅಂವ ನಿನ್ನ ಆರು ಪುಟ ನಂಬಂಗಿಲ್ಲ. ಎರಡೂ ಬಹಮನಿಯವು ಅಂದ್ರ ಉತ್ತರ ಆಗಲ್ಲ. ಬಹಮನಿಯವು ನೂರಾರು ಅವ.

ಹಂಗಾಗಿ ಪೀಠಿಕೆ ಪಕ್ಕಕ್ಕ ಇಡು ತಂಗಿ. ಒಂದು ಮಾತು ಹೇಳು. ನಡು ಭಾಗ ಬರಿಯೋವಾಗ ನಿನಗ ಆಶ್ಚರ್ಯ ಆಗಿದ್ದು ಏನು? ಬೀದರಿನಿಂದ ರೈಲಿನಾಗ ಬರೋವಾಗ ತಲಿಯೊಳಗ ಏನು ತಿರಗ್ಲತ್ತಿತ್ತು?

ಕೋಟಿ ಬಾಗಿಲು, ಕಲಬುರಗಿ

ಸರ್, ಇದನ್ನ ನನಗ ಯಾರೂ ಕೇಳಿರಲಿಲ್ಲ.

ಆಶ್ಚರ್ಯ ಆಗಿದ್ದು ಅಳತಿ ಸರ್. ಮಸೀದಿ ಸುಮಾರು 216 ಅಡಿ ಉದ್ದ, 176 ಅಡಿ ಅಗಲ ಅದ. ಮದರಸಾ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಹೆಚ್ಚುಕಡಿಮಿ ಒಂದೇ ಅಳತಿ ನೆಲ! ಆದ್ರ ಒಳಗ ಹೋದ್ರ ಪೂರಾ ಉಲ್ಟಾ. ಮಸೀದಿ ಅಂದಮ್ಯಾಲ ಸಾಮಾನ್ಯವಾಗಿ ನಡುವ ಅಂಗಳ ಇರ್ತದ, ನಮ್ಮ ಕೋಟಿಯೊಳಗಿಂದಕ್ಕ ಅಂಗಳನೇ ಇಲ್ಲ, ಇಡೀ ಕಟ್ಟಡಕ್ಕ ಚಾವಣಿ ಅದ. ಸಾಲು ಸಾಲು ಸಣ್ಣ ಗುಮ್ಮಟ, ಪಶ್ಚಿಮಕ್ಕ ಒಂದು ದೊಡ್ಡದು, ನಾಕು ಮೂಲಿಗೆ ನಾಕು. ಒಳಗ ನಿಂತ್ರ ತಗ್ಗಿನಿಂದ ಏಳೋ ಅಗಲ ಕಮಾನು, ಅದರ ಹಿಂದ ಮತ್ತೊಂದು, ಅದರ ಹಿಂದ ಮತ್ತೊಂದು. ಬಿಸಲಾಗಿಂದ ಒಳಗ ಬಂದವರಿಗೆ ಮೈಯೆಲ್ಲ ತಂಪು. ಮದರಸಾದಾಗ ನಡುವ ನೂರಡಿ ಚೌಕದ ಅಂಗಳ, ಮುಗಿಲಿಗೆ ತೆರೆದದ್ದು, ಸುತ್ತ ಮೂರು ಅಂತಸ್ತು.

ಇನ್ನೊಂದು. ಎರಡಕ್ಕೂ ಇರಾನಿನ ನಂಟು ಅದ. ಮಸೀದಿ ಶಾಸನದಾಗ ಕಟ್ಟಿದವನ ಹೆಸರು ಅದ, ರಫಿ ಅಂತ, ಕಜ್ವೀನಿನವ. ಮಹಮೂದ್ ಗವಾನ್ ಗೀಲಾನಿನವ. ನಕಾಶಿ ತೆಗೆದು ನೋಡಿದೆ, ಉತ್ತರ ಇರಾನಿನಾಗ ಅವೆರಡೂ ಅಕ್ಕಪಕ್ಕದ ಸೀಮಿ. ಆದ್ರ ನಮ್ಮ ಮಸೀದಿ ನೋಡಿದ್ರ ಇರಾನು ಕಣ್ಣಿಗೆ ಹೊಡಿಯಂಗಿಲ್ಲ. ಮದರಸಾ ಮುಂದ ನಿಂತ್ರ ನೀಲಿ, ಹಸಿರು, ಹಳದಿ ಟೈಲ್ಸ್ ಮಿನಾರಿನ ಮ್ಯಾಲ ಇನ್ನೂ ಉಳಿದಾವ, ಬ್ಯಾರೆ ದೇಶಕ್ಕ ಬಂದಂಗ ಆಗ್ತದ. ರೈಲಿನಾಗ ಇದೇ ತಿರಗ್ಲತ್ತಿತ್ತು ಸರ್.

ಸೇಡಂ ಮೇಷ್ಟ್ರು

ನೋಡು, ಪೀಠಿಕೆ ಬರದೇ ಬಿಟ್ಟಿದಿ. “ಹೆಚ್ಚುಕಡಿಮಿ ಒಂದೇ ಅಳತಿ ನೆಲ, ಒಳಗ ಹೋದ್ರ ಪೂರಾ ಉಲ್ಟಾ.” ಇದನ್ನ ಬ್ಯಾರೆ ಯಾವ ಪ್ರಬಂಧಕ್ಕೂ ಅಂಟಿಸಲಿಕ್ಕೆ ಆಗಂಗಿಲ್ಲ.

ಕರಿ ಲೋಹ, ಬೀದರ

ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಾನು ಬೀದರಿನವ, ಮನಿತನದ ಕೆಲಸ ಬಿದ್ರಿ. ಮದರಸಾ ಮುಂದಿಂದನೇ ದಿನಾ ಹಾದು ಹೋಗ್ತೀನಿ.

ನನಗ ಒಂದು ತಕರಾರು ಅದ. ಮಸೀದಿಗೂ ಮದರಸಾಕ್ಕೂ ಹೋಲಿಕಿ ಹೆಂಗ ಆಗ್ತದ? ಒಂದು ನಮಾಜಿಗೆ ಕಟ್ಟಿದ್ದು, ಇನ್ನೊಂದು ಓದೋರಿಗೆ, ಓದಿಸೋರಿಗೆ ಇರಲಿಕ್ಕೆ ಕಟ್ಟಿದ್ದು. ಬ್ಯಾರೆ ಕಾಣೋದು ಸಹಜ. ನಮ್ಮ ಬೀದರ ಕೋಟಿಯೊಳಗ ಸೋಲಾ ಖಂಬ ಮಸೀದಿ ಅದಲ್ಲ, ಮಸೀದಿ ಜೊತಿ ಮಸೀದಿ ಹೋಲಿಸಬಹುದಿತ್ತು. ಓದೋರು ಇದನ್ನ ಕೇಳೇ ಕೇಳ್ತಾರ.

ಇನ್ನ ಹೋಲಿಕಿ ಬಗ್ಗೆ ನನ್ನ ಕೆಲಸದಾಗಿಂದ ಒಂದು ಮಾತು. ಬಿದ್ರಿ ಲೋಹ ಅಂದ್ರ ಜಾಸ್ತಿ ಸತುವು, ಸ್ವಲ್ಪ ತಾಮ್ರ. ಎರಕ ಹೊಯ್ದು ಉಜ್ಜಿದಾಗ ಅದು ಬೆಳ್ಳಗೇ ಇರ್ತದ. ಅದರಾಗ ಕೊರೆದು ಬೆಳ್ಳಿ ಕೂರಸ್ತೀವಿ. ತಂತಿ ಕೂರಿಸಿದ್ರ ತಾರಕಶಿ, ತಗಡು ಕೂರಿಸಿದ್ರ ತಹನಿಶಾನ್. ಆಗ ನೋಡಿದ್ರ ಬೆಳ್ಳಿ ಎಲ್ಲಿ, ಲೋಹ ಎಲ್ಲಿ ಅಂತ ಸರಿಯಾಗಿ ಗೊತ್ತಾಗಂಗಿಲ್ಲ, ಎರಡೂ ಬಿಳಿ. ಕೊನಿಗೆ ಕೋಟಿಯ ಹಳೆ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಲೋಹ ಕರ್ರಗಾಗ್ತದ, ಬೆಳ್ಳಿಗೆ ಏನೂ ಆಗಂಗಿಲ್ಲ. ಅವಾಗ ಹೂವು ಎದ್ದು ಬರ್ತದ. ನಿಮ್ಮ ಮೊದಲಿನ ಪೀಠಿಕೆ ಓದಿದಾಗ ನನಗ ಅನ್ನಿಸಿದ್ದು, ನೆಲ ಕರ್ರಗ ಆಗಿಲ್ಲ. ಎರಡೂ ಭವ್ಯ, ಎರಡೂ ಶ್ರೇಷ್ಠ, ಎರಡೂ ಬಿಳಿ. ಸಾಮ್ಯ ಗಟ್ಟಿಯಾಗಿ ಒಂದು ನೆಲ ಆಗಿ ಕೂತ್ರನೇ ವ್ಯತ್ಯಾಸ ಹೊಳಿಯೋದು. ಅಳತಿ ಒಂದೇ ಅನ್ನೋದು ಆ ನೆಲ ಆಗಬಹುದು.

ಭೀಮಾ ದಂಡಿ, ಯಾದಗಿರಿ

ಕರಿ ಲೋಹ ಅವರು ಹೇಳಿದ್ದು ಓದಿ ನನ್ನ ಒಂಬತ್ತನೇ ತರಗತಿ ಹುಡುಗಿ ನೆನಪಾದಳು. ನಾನು ಪ್ರೌಢಶಾಲೆ ಶಿಕ್ಷಕಿ. ಹೋದ ವರ್ಷ ಮಕ್ಕಳಿಗೆ ಎರಡು ಊರು ಹೋಲಿಸಿ ಬರೀರಿ ಅಂದಿದ್ದೆ. ನಲವತ್ತು ಮಕ್ಕಳು “ಹಳ್ಳಿಯು ಶಾಂತ, ಪಟ್ಟಣವು ಗದ್ದಲ” ಅಂತ ಬರದಿದ್ದರು. ಈ ಹುಡುಗಿ ತನ್ನ ಊರು ಮತ್ತ ಅಜ್ಜಿ ಊರು ತಗೊಂಡಿದ್ದಳು. ಇವರ ಊರಿಗೆ ಕೃಷ್ಣಾ ಕಾಲುವಿ ನೀರು, ಭತ್ತ ಬೆಳೀತಾರ. ಅಜ್ಜಿ ಊರಿಗೆ ಮಳಿನೇ ಗತಿ, ತೊಗರಿ.

ಅವಳ ಪೀಠಿಕೆ ಎರಡೇ ವಾಕ್ಯ: “ಅಜ್ಜಿ ಊರಾಗ ಮಳಿ ಬಂದ್ರ ಎಲ್ಲಾರೂ ಹೊರಗ ಬಂದು ನಿಲ್ತಾರ. ನಮ್ಮೂರಾಗ ಕಾಲುವಿಗೆ ನೀರು ಬಿಟ್ರ ಎಲ್ಲಾರೂ ಹೊರಗ ಬಂದು ನಿಲ್ತಾರ.”

ಕೊನಿಗೆ ಬರದಿದ್ದು: “ಮಳಿ ಬರಲಿಲ್ಲ ಅಂದ್ರ ಅಜ್ಜಿ ದೇವರಿಗೆ ಕೇಳ್ತಾಳ. ನೀರು ಬರಲಿಲ್ಲ ಅಂದ್ರ ಅಪ್ಪ ಆಫೀಸಿಗೆ ಹೋಗ್ತಾನ.”

ನಾನು ಪೆನ್ನು ಕೆಳಗಿಟ್ಟು ಸುಮ್ಮನ ಕೂತೆ. ಪೀಠಿಕೆಯೊಳಗ ಎರಡೂ ಊರು ಒಂದೇ: ನೀರಿಗಾಗಿ ಕಾಯೋ ಜನ. ಕೊನಿಗೆ ಬಂದಾಗ ಅದೇ ಕಾಯೋದು ಎರಡು ದಾರಿ ಆಗ್ಯಾದ. ಒಂದು ಊರು ತೆಗೆದುಬಿಟ್ರ ಆ ಕೊನಿ ಮಾತಿಗೆ ಅರ್ಥನೇ ಇರಂಗಿಲ್ಲ. ಅಜ್ಜಿ ದೇವರಿಗೆ ಕೇಳೋದು ಒಂದೇ ಇದ್ರ ಅದು ಎಲ್ಲಾ ಊರಿನ ಸುದ್ದಿ. ಅಪ್ಪ ಆಫೀಸಿಗೆ ಹೋಗೋದು ಪಕ್ಕದಾಗ ಬಂದು ಕೂತಾಗನೇ ನಮಗ ಏನೋ ಕಾಣೋದು. ಆವತ್ತಿಂದ ಮಕ್ಕಳ ಸಮಾರೋಪ ತಿದ್ದೋವಾಗ ನಾನು ಒಂದು ವಸ್ತುವಿನ ಮ್ಯಾಲ ಕೈ ಮುಚ್ಚಿ ಓದ್ತೀನಿ. ಆಗಲೂ ವಾಕ್ಯ ನಿಂತ್ರ ಅದು ಹೋಲಿಕಿಯ ಸಮಾರೋಪ ಅಲ್ಲ ಅಂತ ಅರ್ಥ. “ಸಂರಕ್ಷಿಸುವುದು ನಮ್ಮೆಲ್ಲರ ಕರ್ತವ್ಯ” ಮ್ಯಾಲ ಕೈ ಮುಚ್ಚಿ ನೋಡ್ರಿ, ಅದು ಹಂಗೇ ನಿಂದರ್ತದ.

ಸೇಡಂ ಮೇಷ್ಟ್ರು

ಆ ಹುಡುಗಿಗೆ ನನ್ನ ಆಶೀರ್ವಾದ ಹೇಳ್ರಿ ಮೇಡಂ.

ಕರಿ ಲೋಹ ಅವರ ತಕರಾರು ಭಾಳ ಬೆಲಿ ಬಾಳೋದು. ತಂಗಿ, ಅದಕ್ಕ ಹೆದರಿ ವಿಷಯ ಬದಲಿಸಬ್ಯಾಡ. ಅದನ್ನ ಪೀಠಿಕೆಯೊಳಗೇ ತಗೊಂಡು ಬಾ. “ಒಂದು ಪ್ರಾರ್ಥನೆಗೆ, ಒಂದು ಓದಿಗೆ, ಹೋಲಿಕೆ ಹೇಗೆ?” ಅಂತ ನೀನೇ ಕೇಳು, ನೀನೇ ಉತ್ತರ ಕೊಡು. ನಿನ್ನ ಹತ್ತಿರ ಉತ್ತರ ಅದ: ಅಂಗಳ ಮಸೀದಿಗೂ ಸಹಜವೇ, ಇಲ್ಲಿ ಬೇಕಂತ ಬಿಟ್ಟಾರ, ಹಂಗಾಗಿ ಉಪಯೋಗ ಬ್ಯಾರೆ ಅನ್ನೋದೊಂದರಿಂದ ಈ ವ್ಯತ್ಯಾಸ ವಿವರಿಸಲಿಕ್ಕೆ ಬರಂಗಿಲ್ಲ.

ಹೋಲಿಕಿಯ ತಳಹದಿ ಹೇಳದೇ ಹೋದ್ರ ಏನಾಗ್ತದ ಅನ್ನೋದಕ್ಕ ನಮ್ಮ ಮಸೀದಿಯೇ ಸಾಕ್ಷಿ. ಪ್ರವಾಸಿ ಪುಸ್ತಕ ಯಾವುದು ತೆಗೆದ್ರೂ “ಸ್ಪೇನಿನ ಕೊರ್ಡೋಬಾ ಮಸೀದಿಯನ್ನು ಹೋಲುತ್ತದೆ” ಅಂತ ಒಂದು ಸಾಲು ಇರ್ತದ. ಯಾವುದರಾಗ ಹೋಲ್ತದ? ಕಮಾನಿನಾಗಾ, ಚಾವಣಿಯೊಳಗಾ, ಅಳತಿಯೊಳಗಾ? ಯಾರೂ ಹೇಳಂಗಿಲ್ಲ. ಕೊರ್ಡೋಬಾದ ಮಸೀದಿಗೆ ಅಂಗಳ ಅದ, ನಮ್ಮದಕ್ಕ ಇಲ್ಲ. ಕಂಬದ ಸಾಲಿನ ಮ್ಯಾಲ ಎದ್ದ ಅಲ್ಲಿನ ಎರಡಂತಸ್ತಿನ ಕಮಾನು ಇಲ್ಲಿ ಇಲ್ಲ. ಆದ್ರೂ ಆ ಸಾಲು ಪುಸ್ತಕದಿಂದ ಪುಸ್ತಕಕ್ಕ ಹಾರ್ಕೊಂತ ಬಂದದ, ಯಾಕಂದ್ರ ತಳಹದಿ ಇಲ್ಲದ ಹೋಲಿಕಿಯನ್ನ ಸುಳ್ಳು ಅಂತ ತೋರಿಸ್ಲಿಕ್ಕೂ ಆಗಂಗಿಲ್ಲ.

ಹೋಲಿಸೋ ವಿದ್ಯೆ ನಮ್ಮ ಸೀಮಿಗೆ ಹೊಸದಲ್ಲ. ಮಳಖೇಡ ನಮ್ಮ ತಾಲೂಕಿನಾಗೇ ಅದ. ಅಲ್ಲಿಯ ರಾಷ್ಟ್ರಕೂಟರ ಆಸ್ಥಾನದಾಗ ಒಂಬತ್ತನೇ ಶತಮಾನದಾಗ ಹುಟ್ಟಿದ ಕವಿರಾಜಮಾರ್ಗದಾಗ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಅಂತ ಕಾವ್ಯದ ಎರಡು ದಾರಿ ಇಟ್ಟು, ಒಂದೊಂದೇ ಗುಣ ಹಿಡಿದು ಅದು ಈ ದಾರಿಯೊಳಗ ಹೆಂಗ, ಆ ದಾರಿಯೊಳಗ ಹೆಂಗ ಅಂತ ಪದ್ಯ ಸಮೇತ ತೋರಿಸ್ಯಾರ. ಮೊದಲು ಒಂದರ ಕಥಿ ಪೂರ್ತಿ ಹೇಳಿ ಆಮ್ಯಾಲ ಇನ್ನೊಂದರ ಕಥಿ ಹೇಳಲಿಲ್ಲ. ನಿನ್ನ ನಡು ಭಾಗ ಹೆಂಗದ ತಂಗಿ? ಮೂರು ಪುಟ ಮಸೀದಿ, ಮೂರು ಪುಟ ಮದರಸಾ ಅಂತ ಅದನೋ, ಅಂಶ ಹಿಡಿದು ಹೋಗಿದಿಯೋ? ಯಾಕ ಕೇಳ್ಲತ್ತೀನಿ ಅಂದ್ರ ಅದರ ಮ್ಯಾಲ ಪೀಠಿಕೆ ಬದಲಾಗ್ತದ.

ಕೋಟಿ ಬಾಗಿಲು, ಕಲಬುರಗಿ

ಮೂರು ಮೂರು ಪುಟ ಸರ್. ಮೊದಲು ಮಸೀದಿ ಪೂರ್ತಿ, ಆಮ್ಯಾಲ ಮದರಸಾ ಪೂರ್ತಿ.

ಸೇಡಂ ಮೇಷ್ಟ್ರು

ಹಂಗಿದ್ರ ಪೀಠಿಕೆಗೆ ಜಾಸ್ತಿ ಕೆಲಸ. ಅಂಶ ಹಿಡಿದು ಬರದ್ರ ಪ್ರತಿ ಪ್ಯಾರಾದಾಗೂ ಎರಡೂ ಕಟ್ಟಡ ಜೋಡಿಯಾಗಿ ಬರ್ತಾವ, ಓದೋನಿಗೆ ದಾರಿ ತಪ್ಪಂಗಿಲ್ಲ. ನಿನ್ನ ರೀತಿಯೊಳಗ ಮಸೀದಿ ಓದೋ ಮೂರು ಪುಟದಾಗ ಮದರಸಾ ಕಣ್ಣಿಗೆ ಬೀಳಂಗಿಲ್ಲ. ಹಂಗಾಗಿ ಯಾವ ಮೂರು ಅಂಶ ನೆನಪಿನಾಗ ಇಟ್ಕೊಂಡು ಓದಬೇಕು ಅನ್ನೋದನ್ನ ಪೀಠಿಕೆಯೊಳಗೇ ಕೈಗೆ ಕೊಡಬೇಕು. ನೆಲದ ಅಳತಿ, ನಡುವಿನ ಜಾಗ, ಹೊರ ಮೈ. ಇದೇ ಅನುಕ್ರಮದಾಗ ಎರಡೂ ಕಡೆ ಬರಲಿ.

ಓದುಕೋಣಿ, ಕಲಬುರಗಿ

ಒಂದು ವಿಷಯದಾಗ ನನಗ ಒಪ್ಪಿಗಿ ಇಲ್ಲ. ವಾದ ಪೂರಾ ಪೀಠಿಕೆಯೊಳಗೇ ಬಿಚ್ಚಿಟ್ರ ಸಮಾರೋಪಕ್ಕ ಏನು ಉಳೀತದ? ಅದೇ ಮಾತು ಎರಡು ಸಲ ಆಗ್ತದ. ನನಗಂತೂ ಕೊನಿತನಕ ಕುತೂಹಲ ಉಳಿಸಿಕೊಳ್ಳೋದು ಛಲೋ ಅನಸ್ತದ.

ಇನ್ನ ಪರೀಕ್ಷಾ ಕೋಣಿಯ ಕಷ್ಟನೂ ನೋಡ್ರಿ. ಯುಪಿಎಸ್‌ಸಿ ಪ್ರಬಂಧ ಪತ್ರಿಕೆಯಾಗ ಮೂರು ತಾಸಿನಾಗ ಎರಡು ಪ್ರಬಂಧ, ಒಂದೊಂದು 1000ದಿಂದ 1200 ಶಬ್ದ, ಒಂದೊಂದಕ್ಕ 125 ಅಂಕ. ಅಲ್ಲಿ ನಡು ಭಾಗ ಬರದು ಆಶ್ಚರ್ಯ ಆಗಿದ್ದು ಏನು ಅಂತ ಹುಡುಕಿ ಪೀಠಿಕೆಗೆ ಮರಳಿ ಬರೋಕೆ ವೇಳೆ ಎಲ್ಲದ?

ಭೀಮಾ ದಂಡಿ, ಯಾದಗಿರಿ

ಓದುಕೋಣಿ ಅವರೇ, ಎರಡನೇದು ಮೊದಲು. ವೇಳೆ ಕಮ್ಮಿ ಇದ್ದಾಗ ಕಚ್ಚಾ ಕೆಲಸದ ಹಾಳಿಯೊಳಗ ಸಮಾರೋಪದ ಒಂದೇ ಸಾಲು ಮೊದಲು ಬರಕೊಳ್ರಿ. “ಇವೆರಡನ್ನ ಪಕ್ಕದಾಗ ಇಟ್ಟಿದ್ದಕ್ಕ ನನಗ ಕಂಡಿದ್ದು ಇದು” ಅಂತ. ಹತ್ತು ನಿಮಿಷ ಹೋಗಲಿ. ಆ ಸಾಲು ಇದ್ರ ಪೀಠಿಕೆಯೊಳಗ ಅದೇ ಸಾಲಿನ ಪ್ರಶ್ನೆ ಬರಿಬಹುದು. ಉತ್ತರ ಗೊತ್ತಿದ್ದವರಿಗೆ ಪ್ರಶ್ನೆ ಬರಿಯೋದು ಕಷ್ಟ ಅಲ್ಲ.

ಮೊದಲನೇದಕ್ಕ: ವಾದ ಹೇಳೋದು ಬ್ಯಾರೆ, ವಾದದ ಬೆಲಿ ಹೇಳೋದು ಬ್ಯಾರೆ. ಆ ಹುಡುಗಿ ಎರಡೂ ಕಡೆ ಜನ ಹೊರಗ ಬಂದು ನಿಲ್ತಾರ ಅಂತ ಮೊದಲೇ ಹೇಳಿದ್ದಳು, ಏನೂ ಮುಚ್ಚಿಡಲಿಲ್ಲ. ಆದ್ರೂ ಕೊನಿ ಸಾಲು ಓದಿದಾಗ ನನಗ ಅದು ಹೊಸದೇ ಇತ್ತು. ಓದೋರಿಗೆ ದಾರಿ ಮೊದಲೇ ಹೇಳಬೇಕು. ಊರು ಮುಟ್ಟಿದಮ್ಯಾಲ ಅಲ್ಲಿಂದ ಏನು ಕಾಣ್ತದ ಅನ್ನೋದು ಊರು ಮುಟ್ಟಿದ ಮ್ಯಾಲೇ ಹೇಳಲಿಕ್ಕೆ ಬರೋದು.

ಓದುಕೋಣಿ, ಕಲಬುರಗಿ

ಕಚ್ಚಾ ಹಾಳಿಯೊಳಗ ಕೊನಿ ಸಾಲು ಮೊದಲು. ಇದನ್ನ ಇವತ್ತು ಸಂಜಿಗೇ ಮಾಡಿ ನೋಡ್ತೀನಿ ಮೇಡಂ. ಕುತೂಹಲದ ಮಾತು ನಾನು ಬಿಟ್ಟಿಲ್ಲ, ಆದ್ರ ನೀವು ಹೇಳಿದ್ದೂ ತಲಿಗೆ ಹತ್ತಿತು.

ಕೋಟಿ ಬಾಗಿಲು, ಕಲಬುರಗಿ

ರಾತ್ರಿ ಕೂತು ಪೀಠಿಕೆ ಮತ್ತ ಬರದೆ. ಎಲ್ಲಾರೂ ನೋಡ್ರಿ:

“ಕಲಬುರಗಿ ಕೋಟೆಯ ಜಾಮಿ ಮಸೀದಿ ಸುಮಾರು 216 ಅಡಿ ಉದ್ದ, 176 ಅಡಿ ಅಗಲವಿದೆ. ಬೀದರಿನ ಮಹಮೂದ್ ಗವಾನನ ಮದರಸಾ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ಮೊದಲನೆಯದು 1367ರದು, ಎರಡನೆಯದು 1472ರದು. 1429ರಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದದ್ದು ಇವೆರಡರ ನಡುವಿನ ಗೆರೆ. ಒಂದೇ ಮನೆತನದ ಆಳ್ವಿಕೆಯಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯ ನೆಲದ ಮೇಲೆ ಎದ್ದ ಈ ಕಟ್ಟಡಗಳು ಒಳಗೆ ಮಾತ್ರ ಒಂದಕ್ಕೊಂದು ವಿರುದ್ಧ. ಅಂಗಳವಿರಬೇಕಾದ ಮಸೀದಿಗೆ ಅಂಗಳವಿಲ್ಲ. ಮದರಸಾದ ನಡುವೆ ನೂರಡಿ ಚೌಕದ ತೆರೆದ ಅಂಗಳವಿದೆ. ಒಂದು ಪ್ರಾರ್ಥನೆಗೆ, ಇನ್ನೊಂದು ಓದಿಗೆ, ಆದ್ದರಿಂದ ಬೇರೆ ಎಂದು ಹೇಳಿ ಮುಗಿಸುವಂತಿಲ್ಲ. ಅಂಗಳವು ಮಸೀದಿಗೂ ಸಹಜವೇ. ಎರಡಕ್ಕೂ ಪರ್ಷಿಯನ್ ಪ್ರಭಾವವಿದೆ ಎಂದೂ ಮುಗಿಸುವಂತಿಲ್ಲ. ಆ ಪ್ರಭಾವ ಒಂದರಲ್ಲಿ ಕಣ್ಣಿಗೆ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ನೆಲದ ಅಳತೆ, ನಡುವಿನ ಜಾಗ, ಹೊರಮೈ ಈ ಮೂರನ್ನು ಕ್ರಮವಾಗಿ ಎರಡೂ ಕಡೆ ನೋಡುತ್ತ, ‘ಪರ್ಷಿಯನ್ ಪ್ರಭಾವ’ ಎಂಬ ಒಂದೇ ಮಾತು ಎರಡು ಬೇರೆ ಸಂಗತಿಗಳನ್ನು ಮುಚ್ಚಿಟ್ಟಿದೆ ಎಂದು ಈ ಪ್ರಬಂಧ ವಾದಿಸುತ್ತದೆ.”

ಕರಿ ಲೋಹ, ಬೀದರ

ಛಲೋ ಆಗ್ಯಾದ. ಈಗ ನನ್ನ ತಕರಾರಿಗೂ ಜಾಗ ಸಿಕ್ಕದ.

ಇನ್ನೊಂದು ಸೇರಿಸಬೇಕು ನೀವು. ಮದರಸಾ ಈಗ ಪೂರ್ತಿ ಇಲ್ಲ. ಹದಿನೇಳನೇ ಶತಮಾನದ ಕೊನಿಗೆ, ಬೀದರ ಮೊಗಲರ ಕೈಯಾಗ ಇದ್ದಾಗ, ಒಳಗ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು, ಎರಡು ಮಿನಾರಿನಾಗ ಒಂದು ಬಿತ್ತು. ನೀವು ಹೋಲಿಸ್ಲತ್ತಿದ್ದು ಇಡೀ ನಿಂತ ಕಟ್ಟಡವನ್ನ ಅರ್ಧ ಬಿದ್ದ ಕಟ್ಟಡದ ಜೊತಿ. ಟೈಲ್ಸ್ ಬಗ್ಗೆ ಬರಿಯೋವಾಗಂತೂ, ಉಳಿದ ಚೂರು ನೋಡಿ ಬರದೀನಿ ಅಂತ ಪೀಠಿಕೆಯೊಳಗೇ ಒಂದು ವಾಕ್ಯ ಇರಲಿ. ಅದು ಕಟ್ಟಡಕ್ಕ ಮಾಡೋ ನ್ಯಾಯ.

ಸೇಡಂ ಮೇಷ್ಟ್ರು

ಒಪ್ಪಿದೆ. ನಂದು ಒಂದೇ ತಿದ್ದುಪಡಿ: 1429 ಅನ್ನೋದು ತೆಗಿ. ರಾಜಧಾನಿ ಬೀದರಿಗೆ ಹೋದ ವರ್ಷವನ್ನ ಇತಿಹಾಸಕಾರರು ಒಬ್ಬೊಬ್ಬರು ಒಂದೊಂದು ಹೇಳ್ಯಾರ. ನಿನ್ನ ವಾದಕ್ಕ ಆ ವರ್ಷ ಬೇಕಾಗೇ ಇಲ್ಲ. “ಒಂದನೇ ಅಹಮದ್ ಶಾಹನ ಕಾಲದಲ್ಲಿ” ಅಂದ್ರ ಸಾಕು. ಪೀಠಿಕೆಯೊಳಗ ತಕರಾರಿನ ವರ್ಷ ಇಟ್ರ ಓದೋನು ಅಲ್ಲೇ ನಿಂತು ನಿನ್ನ ಜೊತಿ ಜಗಳಕ್ಕ ಇಳೀತಾನ, ವಾದಕ್ಕ ಮುಟ್ಟಂಗಿಲ್ಲ.

ಇನ್ನ ಸಮಾರೋಪ. ಕಾಣ್ತದ, ಕಾಣಂಗಿಲ್ಲ ಅಂತ ಪೀಠಿಕೆಯೊಳಗ ಹೇಳಿದಿ. ಅದರಿಂದ ಏನಾತು? ಆರು ಪುಟ ನಡೆದು ಬಂದವನಿಗೆ ಅದನ್ನ ಹೇಳು.

ಕೋಟಿ ಬಾಗಿಲು, ಕಲಬುರಗಿ

ಸರ್, ಸಮಾರೋಪಕ್ಕ ಎರಡು ಸಲ ಬರದು ಹರದೆ. ಮೂರನೇದು ಇದು:

“ಕಲಬುರಗಿಯಲ್ಲಿ ಇರಾನು ಕಟ್ಟಿದವನ ಹೆಸರಿನಲ್ಲಿದೆ, ಬೀದರಿನಲ್ಲಿ ಅದು ಗೋಡೆಯ ಮೇಲಿದೆ. 1347ರಲ್ಲಿ ಹುಟ್ಟಿದ ರಾಜ್ಯಕ್ಕೆ 1367ರಲ್ಲಿ ಇಪ್ಪತ್ತು ವರ್ಷ. ಕಜ್ವೀನಿನಿಂದ ಬಂದ ರಫಿಯ ಕೈ ಇಲ್ಲಿ ಇರಾನಿನಂತಹದನ್ನು ಕಟ್ಟಲಿಲ್ಲ, ಎಲ್ಲಿಯೂ ಅಪರೂಪವಾದದ್ದನ್ನು ಕಟ್ಟಿತು. ನೂರೈದು ವರ್ಷದ ಮೇಲೆ ಬೀದರಿನ ವಜೀರ ತನ್ನ ಮದರಸಾವನ್ನು ದೂರದಿಂದಲೇ ಇರಾನೆಂದು ಗುರುತಿಸುವಂತೆ ಕಟ್ಟಿಸಿದ. ಆ ಹೊತ್ತಿಗೆ ಆಸ್ಥಾನದಲ್ಲಿ ದಖ್ಖನಿಗಳು ಮತ್ತು ಹೊರದೇಶದಿಂದ ಬಂದ ಆಫಾಕಿಗಳು ಎಂದು ಎರಡು ಬಣಗಳಾಗಿದ್ದವು. 1481ರಲ್ಲಿ ನಕಲಿ ಪತ್ರವೊಂದರ ನೆಪದಲ್ಲಿ ಗವಾನನ ಕೊಲೆಯಾಯಿತು. ಕಲಬುರಗಿಯ ಮಸೀದಿಯಲ್ಲಿ ಹೊರಗಿನಿಂದ ಬಂದವನು ಕಟ್ಟಡದೊಳಗೆ ಕರಗಿದ್ದಾನೆ. ಬೀದರಿನಲ್ಲಿ ಹೊರಗಿನಿಂದ ಬಂದವನು ಎಂಬುದೇ ಕಟ್ಟಡದ ಮುಖ. ಮೊದಲನೆಯದನ್ನು ನೋಡಿದವರಿಗೆ ಮಾತ್ರ ಎರಡನೆಯದು ಎಷ್ಟು ಧೈರ್ಯದ್ದೆಂದು ತಿಳಿಯುತ್ತದೆ.”

ಭೀಮಾ ದಂಡಿ, ಯಾದಗಿರಿ

ನಾನು ಕಲಬುರಗಿ ಮ್ಯಾಲ ಕೈ ಮುಚ್ಚಿ ಓದಿದೆ. ಕೊನಿ ವಾಕ್ಯ ಬಿತ್ತು. ಬೀದರಿನ ಮ್ಯಾಲ ಮುಚ್ಚಿದೆ, ಆಗಲೂ ಬಿತ್ತು. ನನಗ ಭಾಳ ಖುಷಿ ಆತು.

ಸೇಡಂ ಮೇಷ್ಟ್ರು

ಇದು ನಿನ್ನದೇ ಕಂಡದ್ದು ತಂಗಿ, ಯಾರ ಪುಸ್ತಕದ್ದೂ ಅಲ್ಲ. ಎರಡು ಕೆಲಸ ಉಳಿದಾವ.

ಬಣಗಳ ಸುದ್ದಿ, 1481ರ ಕೊಲಿ ಇವು ಸಮಾರೋಪದಾಗ ಮೊದಲ ಸಲ ಬಂದಾವ. ಹೊಸ ಸಂಗತಿಗೆ ಇದು ಜಾಗ ಅಲ್ಲ. ಇಲ್ಲಿ ಬಂದ್ರ ಅದಕ್ಕ ಆಧಾರ ಕೊಡಲಿಕ್ಕೆ ನಿನಗ ಪುರಸೊತ್ತಿಲ್ಲ, ಓದೋನಿಗೂ ತೂಗಿ ನೋಡಲಿಕ್ಕೆ ಪುರಸೊತ್ತಿಲ್ಲ. ಮದರಸಾದ ಹೊರಮೈ ಬಗ್ಗೆ ಬರದ ಪ್ಯಾರಾ ಆದಮ್ಯಾಲ ನಡು ಭಾಗದಾಗೇ ಇದನ್ನ ಅರ್ಧ ಪುಟ ವಿಸ್ತಾರ ಮಾಡು. ಸಮಾರೋಪದಾಗ ಅದನ್ನ ನೆನಪಿಸೋ ಒಂದು ಮಾತು ಸಾಕು.

ಎರಡನೇದು “ಧೈರ್ಯ”. ಗವಾನನ ಮನಸ್ಸಿನೊಳಗ ಏನಿತ್ತು ಅಂತ ಟೈಲ್ಸ್ ನಮಗ ಹೇಳಂಗಿಲ್ಲ. ಅಂವ ಅದನ್ನ ಧೈರ್ಯ ಅಂದ್ಕೊಂಡು ಮಾಡಿದನೋ, ತನ್ನೂರಿನ ರೂಢಿ ಅಂತ ಸಹಜವಾಗಿ ಮಾಡಿದನೋ. ಕಟ್ಟಡದ ಬಗ್ಗೆ ಹೇಳಬಹುದಾದದ್ದನ್ನ ಕಟ್ಟಡದ ಬಗ್ಗೆನೇ ಹೇಳು.

ಕರಿ ಲೋಹ, ಬೀದರ

“ಧೈರ್ಯದ್ದೆಂದು” ಅನ್ನೋ ಜಾಗಕ್ಕ “ಎದ್ದು ಕಾಣುವಂಥದ್ದೆಂದು” ಅಂದ್ರ? ಬಿಸಲಾಗ ಆ ಮಿನಾರು ಎದ್ದೇ ಕಾಣ್ತದ, ಓಣಿ ತಿರುವಿನಿಂದನೇ.

ಕೋಟಿ ಬಾಗಿಲು, ಕಲಬುರಗಿ

“ಮೊದಲನೆಯದನ್ನು ನೋಡಿದವರಿಗೆ ಮಾತ್ರ ಎರಡನೆಯದು ಎಷ್ಟು ಎದ್ದು ಕಾಣುವಂಥದ್ದೆಂದು ತಿಳಿಯುತ್ತದೆ.” ಹಿಂಗೇ ಇಡ್ತೀನಿ ಅಣ್ಣಾ. ಬಣಗಳ ಅರ್ಧ ಪುಟ ಈಗ ಬರೀಲಿಕ್ಕೆ ಕೂಡ್ತೀನಿ. 1429 ತೆಗೆದೆ, ಬಿದ್ದ ಮಿನಾರಿನ ವಾಕ್ಯ ಅಳತಿ ಆದಮ್ಯಾಲ ಸೇರಿಸೀನಿ. ಶನಿವಾರ ಮತ್ತೊಂದು ಸಲ ಬೀದರಿಗೆ ಬರ್ಲತ್ತೀನಿ, ಟೈಲ್ಸ್ ಯಾವ ಗೋಡಿ ಮ್ಯಾಲ ಎಲ್ಲಿತನಕ ಉಳಿದಾವ ಅಂತ ಪೆನ್ಸಿಲಿನಾಗ ಗುರುತು ಹಾಕ್ಕೋಬೇಕು.

ಕರಿ ಲೋಹ, ಬೀದರ

ಬೆಳಗ್ಗೆ ಬರ್ರಿ. ಮುಂಜಾನಿ ಬೆಳಕಿನಾಗ ಪೂರ್ವದ ಮುಖದ ಬಣ್ಣ ಚೆಂದ ಕಾಣ್ತದ, ಮಧ್ಯಾಹ್ನ ಆದ್ರ ನೀಲಿ, ಹಸಿರು ಒಂದೇ ಆಗಿಬಿಡ್ತಾವ.